ಮಲಗಿದ್ದ ಜೀನ್

ಸೀಬೆ ಗಿಡಗಳ ಸಂಶೋಧಕ ಅವನು. ಊಟಕ್ಕೆ ಕೂತರೂ ಗಿಡಗಳದೇ ಮಾತು.

"ನೀರು ನಿಲ್ಲಿಸಿ, ಮಣ್ಣಿಗೆ ಉಪ್ಪು ಬೆರೆಸಿದ್ವಿ. ಎಷ್ಟೋ ಗಿಡ ಬಾಡಿಹೋದವು. ಒಂದರಲ್ಲಿ ಮಾತ್ರ, ತಲೆಮಾರುಗಳಿಂದ ಮಲಗಿದ್ದ ಜೀನ್ ಎದ್ದುಬಿಡ್ತು ನೋಡು. ಬೇರು ತಾನಾಗೇ ನೀರು ಹುಡುಕಿಕೊಂಡು ಹೋಯ್ತು."

"ಕಷ್ಟ ಕೊಟ್ಟರೇನೇ ಏಳುತ್ತೆ ಅನ್ನಿ," ಎನ್ನುತ್ತ ಹೆಂಡತಿ ಸಾರು ಬಡಿಸಿದಳು.

ಮೊದಲ ತುತ್ತಿಗೇ ಅವನು ಮುಖ ಕಿವುಚಿದ. "ಏನಿದು, ಬರೀ ಉಪ್ಪು. ನೀರು ಕೊಡು."

ತಟ್ಟೆಯ ಪಕ್ಕ ಲೋಟವೇ ಇರಲಿಲ್ಲ. ಅವಳು ಕದಲಲಿಲ್ಲ.

"ಹೂಜಿ ಅಡುಗೆಮನೆಯಲ್ಲಿದೆ."

"ಉಣ್ಣೋವಾಗ ಮಧ್ಯೆ ಏಳಬಾರದು ಕಣೇ. ನೀನೇ ತಗೊಂಡು ಬಾ."

"ಸ್ವಲ್ಪ ತಾಳಿ. ಎದ್ದು ಹೋಗಿ ನೀರು ತಗೊಳ್ಳೋ ಜೀನ್ ನಿಮ್ಮಲ್ಲೂ ಎಲ್ಲಾದರೂ ಮಲಗಿದೆಯಾ ಅಂತ ನೋಡ್ತಿದ್ದೀನಿ."

ಅವನು ಅನ್ನ ಕಲಸುತ್ತ, ಬಾಗಿಲ ಕಡೆ ನೋಡುತ್ತ ಕೂತೇ ಇದ್ದ.

ಕೊನೆಗೆ ಅವನ ತಾಯಿ ಒಳಗಿನಿಂದ ನೀರು ತಂದು ಮಗನ ಮುಂದಿಟ್ಟರು. ಆಮೇಲೆ ಸೊಸೆಯ ಕಡೆ ತಿರುಗಿದರು.

"ಸುಮ್ಮನೆ ಉಪ್ಪು ದಂಡ ಮಾಡಬೇಡ ವೈಜಯಂತಿ. ಇವನಪ್ಪನ ಮೇಲೆ ನಾನೂ ಈ ಪ್ರಯೋಗ ಮಾಡಿ ನೋಡಿದೀನಿ. ಈ ತಳಿಯಲ್ಲಿ ಅದು ಇಲ್ಲ."