ಉಣ್ಣೆಯ ಚೆಂಡು

"ಚೆಂಡು ಯಾರ ಕೈಲಿರುತ್ತೋ ಮಾತು ಅವರದು. ಉಳಿದವರದು ಬರೀ ಕಿವಿ. ಮಧ್ಯೆ ಬಾಯಿ ಹಾಕಿದವರು ಯಾರೇ ಆಗ್ಲಿ, ನಾನು ಬಿಡೋನಲ್ಲ," ಎಂದು ಸಮಾಜ ಪಾಠದ ಮೇಷ್ಟ್ರು ಕೆಂಪು ಉಣ್ಣೆಯ ಚೆಂಡೊಂದನ್ನು ಎತ್ತಿ ತೋರಿಸಿದರು. ಭಿನ್ನಾಭಿಪ್ರಾಯವನ್ನು ಮರ್ಯಾದೆಯಿಂದ ಹೇಳುವುದನ್ನು ಮಕ್ಕಳಿಗೆ ಕಲಿಸುವ ವಿದ್ಯೆಯನ್ನು ಅವರು ಹೋದ ವಾರವಷ್ಟೇ ತರಬೇತಿಯಲ್ಲಿ ಕಲಿತು ಬಂದಿದ್ದರು. ಚೆಂಡನ್ನು ಹೆಂಡತಿ ಹೆಣೆದುಕೊಟ್ಟಿದ್ದಳು. ಹೆಣೆಯುತ್ತ ಆಕೆ ಏನೋ ಹೇಳಲು ಬಂದಿದ್ದಳು. ಕೇಳಲು ಇವರಿಗೆ ಪುರುಸೊತ್ತಿರಲಿಲ್ಲ.

"ಹೆಡ್‌ಮಾಸ್ಟರು ಬಾಯಿ ಹಾಕಿದ್ರೂನಾ ಸಾರ್?" ಎಂದಳು ತರಗತಿಯೆಲ್ಲ ಲಾಯರಮ್ಮ ಎಂದು ಕರೆಯುತ್ತಿದ್ದ ಮುಂದಿನ ಬೆಂಚಿನ ಹುಡುಗಿ.

"ಅವರಾದ್ರೂ ಅಷ್ಟೇ!" ಮೇಷ್ಟ್ರ ಎದೆ ಉಬ್ಬಿತು.

ಊಟದ ಬಿಡುವಿನಲ್ಲಿ ಗ್ರಂಥಾಲಯಕ್ಕೆ ಬೀಗ ಹಾಕುವ ಹೊಸ ನಿಯಮ ಸರಿಯೇ, ಇದು ಚರ್ಚೆ. ಸರಿ ಎಂದ ಹುಡುಗ, ಗದ್ದಲವಾಗುತ್ತೆ, ಪುಸ್ತಕ ಹರಿಯುತ್ತೆ ಎಂದು ಹೇಳಿ ಮುಗಿಸಿ ಚೆಂಡನ್ನು ಲಾಯರಮ್ಮನತ್ತ ಎಸೆದ. ಅವಳ ಮನೆಯೆಂದರೆ ಒಂದೇ ಕೋಣೆ, ಅದರೊಳಗೆ ರಾತ್ರಿಯವರೆಗೂ ಕಟಕಟ ಎನ್ನುವ ಅಮ್ಮನ ಹೊಲಿಗೆ ಯಂತ್ರ. ನೆಮ್ಮದಿಯಾಗಿ ಓದಲು ಇದ್ದದ್ದು ಆ ಬಿಡುವೊಂದೇ. ಹೇಳಿಕೊಟ್ಟ ಹಾಗೆಯೇ ಶುರು ಮಾಡಿದಳು: "ಗದ್ದಲದ ವಿಷಯ ನೀನು ಹೇಳಿದ್ದು ನಿಜ ಕಣೋ, ಒಪ್ಪಿದೆ. ಆದ್ರೆ..."

"ಏನ್ರೀ ಇದು, ಚೆಂಡಾಟ?" ಬಾಗಿಲಲ್ಲಿ ಹೆಡ್‌ಮಾಸ್ಟರು.

ಮೇಷ್ಟ್ರು ತಡವರಿಸುತ್ತ ವಿವರಿಸಿದರು. "ಭೇಷ್! ಎಲ್ಲಿ, ಕೊಡಮ್ಮ ಇಲ್ಲಿ," ಎಂದು ಹೆಡ್‌ಮಾಸ್ಟರು ಹುಡುಗಿಯ ಕೈಯಿಂದ ಚೆಂಡು ತೆಗೆದುಕೊಂಡರು. ಆಮೇಲೆ ಶಿಸ್ತಿನ ಬಗ್ಗೆ ಮಾತಾಡಿದರು, ತಮ್ಮ ಬಾಲ್ಯದ ಬಗ್ಗೆ ಮಾತಾಡಿದರು, ತಮ್ಮ ಬಾಲ್ಯದ ಶಿಸ್ತಿನ ಬಗ್ಗೆಯೂ ಮಾತಾಡಿದರು. ಚೆಂಡು ಅವರ ಕೈಲಿತ್ತು; ನಿಯಮ ನಿಯಮವೇ, ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಲಾಯರಮ್ಮ ಮಾತ್ರ ಎರಡೂ ಕೈ ಚಾಚಿಕೊಂಡು ನಿಂತೇ ಇದ್ದಳು, ಕಣ್ಣು ಮೇಷ್ಟ್ರ ಮೇಲೆ. ಮೇಷ್ಟ್ರ ಕೆಲಸ ಖಾಯಂ ಆಗಲು ಹೆಡ್‌ಮಾಸ್ಟರ ಒಂದು ಸಹಿ ಬಾಕಿಯಿತ್ತು. ಮೇಷ್ಟ್ರ ಕಣ್ಣು ಕಿಟಕಿಯ ಮೇಲಿತ್ತು. ಕುತ್ತಿಗೆ ತನ್ನ ಪಾಡಿಗೆ ತಾನು ಹೌದು, ಹೌದು ಎಂದು ಆಡುತ್ತಿತ್ತು.

ಊಟದ ಗಂಟೆ ಹೊಡೆಯಿತು. "ಎಷ್ಟು ಚೆಂದ ಚರ್ಚೆ ಮಾಡ್ತಾರ್ರೀ ನಿಮ್ಮ ಮಕ್ಕಳು! ಒಬ್ಬರಾದ್ರೂ ಎದುರಾಡಿದ್ರಾ?" ಎಂದು ಹೆಡ್‌ಮಾಸ್ಟರು ಹೊರಟರು, ಚೆಂಡಿನ ಸಮೇತ.

"ಸಾರ್, ನನ್ನ ಮಾತು ಮುಗಿದಿರ್ಲಿಲ್ಲ," ಎಂದಳು ಹುಡುಗಿ.

"ನಾಳೆ ಇನ್ನೊಂದು ಚೆಂಡು ಹೆಣೆಸ್ಕೊಂಡು ಬರ್ತೀನಮ್ಮ."

"ಅದನ್ನೂ ಅವರಿಗೇನಾ ಸಾರ್?"

ಮೇಷ್ಟ್ರು ಬೆನ್ನು ತಿರುಗಿಸಿ, ಏನೂ ಬರೆದಿರದ ಬೋರ್ಡನ್ನು ಒರೆಸತೊಡಗಿದರು. ಕಿಟಕಿಯಾಚೆ ಹೆಡ್‌ಮಾಸ್ಟರು ಗ್ರಂಥಾಲಯದ ಬೀಗವನ್ನೊಮ್ಮೆ ಜಗ್ಗಿ ನೋಡಿ ಮುಂದೆ ನಡೆದರು. ಕೆಂಪು ಚೆಂಡನ್ನು ಬಲಗೈಯಿಂದ ಎಸೆದು ಎಡಗೈಯಲ್ಲಿ ಹಿಡಿಯುತ್ತಿದ್ದರು, ಎಡಗೈಯಿಂದ ಎಸೆದು ಬಲಗೈಯಲ್ಲಿ.