ಗೋದಕ್ಕನ ಮನೆಯ ಗೂಢಚಾರ

ಅರಸರು ಮನೆಮನೆಗೂ ಒಂದೊಂದು ತಾಮ್ರದ ಹಲ್ಲಿಯನ್ನು ಗೂಢಚಾರಿಕೆಗೆ ಬಿಟ್ಟಿದ್ದ ಕಾಲವದು. ರಾಜದ್ರೋಹದ ಮಾತು ಕಿವಿಗೆ ಬಿದ್ದರೆ ಅದು ಲೊಚಗುಟ್ಟಬೇಕು. ಒಂಟಿ ಗೋದಕ್ಕನ ಹಲ್ಲಿ ಮಾತ್ರ ಅವಳ ಮಂಡಿನೋವಿನ ಕಥೆಯನ್ನೆಲ್ಲ ಕೇಳಿಕೊಂಡು ತುಟಿಪಿಟಕ್ಕೆನ್ನದೆ ಇತ್ತು.

"ಅರಸರನ್ನ ಬೈಯದ ಮನೆ ಎಲ್ಲಿದೆಯಮ್ಮ? ಇದು ಕಿವುಡಾಗಿದೆ, ಒಯ್ದು ಕರಗಿಸ್ತೀವಿ," ಎಂದ ತಪಾಸಣೆಗೆ ಬಂದ ಅಧಿಕಾರಿ.

ಗೋದಕ್ಕ ಕುಳಿತಲ್ಲಿಂದಲೇ ಹಲ್ಲಿಯ ಕಡೆ ತಿರುಗಿದಳು. "ನಿಮ್ಮ ಅರಸ ಶುದ್ಧ ದಂಡಪಿಂಡ," ಎಂದಳು ಗಟ್ಟಿಯಾಗಿ.

ಹಲ್ಲಿ ಅವಳನ್ನೇ ನೋಡಿತು. ಬಾಯಿ ಬಿಡಲಿಲ್ಲ.

"ನನ್ನ ಮುಖ ನೋಡಬೇಡವೋ ಮರಿ, ಚಾಡಿ ಹೇಳು," ಎಂದು ಗೋಗರೆದಳು.

ಹಲ್ಲಿ ಮೆಲ್ಲಗೆ ಲೊಚಗುಟ್ಟಿತು. ಗೋದಕ್ಕ ಅಭ್ಯಾಸಬಲದಿಂದ ನೆಲ ಕುಟ್ಟಿ, "ಕೃಷ್ಣ ಕೃಷ್ಣ, ಸತ್ಯ," ಎಂದೂಬಿಟ್ಟಳು.

ಅಧಿಕಾರಿ ಹಣೆ ಚಚ್ಚಿಕೊಂಡ. "ದ್ರೋಹದ ಮಾತಾಡಿದ್ದಕ್ಕೆ ಇನ್ನು ಸಾಯೋವರೆಗೂ ಇದರ ಕಾವಲು ನಿಮಗೆ ತಪ್ಪಿದ್ದಲ್ಲ."

"ಅಷ್ಟೇ ತಾನೆ?" ಎಂದ ಗೋದಕ್ಕ ಅವನಿಗೆ ಮಜ್ಜಿಗೆ ತರಲು ಎದ್ದಳು.