ಹನ್ನೆರಡು ಸಲ ತಿರುಗಿಸಿದ ಹಿಡಿಕೆ

ಗದಗ ಕಡೆಯ ಒಂದು ಹೆಣ್ಣುಮಕ್ಕಳ ಹಾಸ್ಟೆಲ್... ಅಲ್ಲಿನ ಗೋಬರ್ ಗ್ಯಾಸ್ ಟ್ಯಾಂಕ್ ನೋಡಿಕೊಳ್ಳುವುದು ಸುಲೋಚನಾಳ ಕೆಲಸ. ಸೇರಿ ಮೂರು ತಿಂಗಳಾಗಿತ್ತು.

ಚಳಿ ಶುರುವಾದಾಗ ಒಲೆಯ ಉರಿ ಸ್ವಲ್ಪ ತಗ್ಗಿತು.

"ಶನಿವಾರದೊಳಗ ಸರಿ ಆಗಲಿಲ್ಲಂದ್ರ ಮತ್ತ ಕಟ್ಟಿಗಿ ಒಲೀನ" ಎಂದರು ವಾರ್ಡನ್ ಮೇಡಂ.

ಸುಲೋಚನಾ ಅಡುಗೆಮನೆಯತ್ತ ನೋಡಿದಳು... ಅಡುಗೆಯ ಇಮಾಂಬಿ ಅಕ್ಕ ಇಪ್ಪತ್ತು ವರ್ಷ ಹೊಗೆ ಕುಡಿದವಳು. ಗ್ಯಾಸ್ ಬಂದ ಮೇಲೆಯೇ ಅವಳ ಕೆಮ್ಮು ನಿಂತಿತ್ತು.

ಟ್ಯಾಂಕಿನೊಳಗಿನ ಸಗಣಿ ಕಲಕುವ ಹಿಡಿಕೆಯನ್ನು ದಿನಕ್ಕೆ ಎರಡು ಸಲ ತಿರುಗಿಸುತ್ತಿದ್ದ ಸುಲೋಚನಾ ಈಗ ಹನ್ನೆರಡು ಸಲ ತಿರುಗಿಸಿದಳು. ಮೂರು ಹೊತ್ತೂ ಮುಚ್ಚಳ ತೆಗೆದು ಇಣುಕಿದಳು. ಅಂಗೈಯಲ್ಲಿ ಗುಳ್ಳೆ ಎದ್ದವು...

ಉರಿ ಇನ್ನೂ ಕುಗ್ಗಿತು.

"ನೀ ಟ್ಯಾಂಕಿಗೆ ಹುಳಿ ಸಾರು ಸುರುವಿರಬೇಕು ಅಕ್ಕಾ, ಅದಕ್ಕ ಹಿಂಗಾಗೇತಿ!" ಎಂದು ರೇಗಿದಳು. ಅಕ್ಕ ಅವಳ ಅಂಗೈಯನ್ನೇ ನೋಡಿದಳು.

ಬುಧವಾರ, ಟ್ಯಾಂಕ್ ಕಟ್ಟಿದ ಮೇಸ್ತ್ರಿ ವೀರಭದ್ರಪ್ಪ ಬಂದರು.

"ದಿನಕ್ಕ ಎಷ್ಟು ಸಲ ತಿರುಗಸ್ತಿ ತಂಗಿ?"

"ಹನ್ನೆರಡು ಸಲರೀ! ಒಂದಿನಾನೂ ತಪ್ಪಿಸಿಲ್ಲ."

"ಮುಚ್ಚಳ?"

"ಮೂರು ಸಲ ತೆಗೆದು ನೋಡ್ತೇನ್ರಿ."

ಮೇಸ್ತ್ರಿ ಹಣೆ ಬಡಿದುಕೊಂಡರು.

"ಒಳಗ ಕಣ್ಣಿಗೆ ಕಾಣದ ಜೀವ ಅದಾವವ್ವ. ಒಂದು ತಿಂದು ಬಿಟ್ಟಿದ್ದನ್ನ ಇನ್ನೊಂದು ತಿಂದು ಗ್ಯಾಸ್ ಮಾಡತೈತಿ. ಒಂದಕ್ಕೊಂದು ಅಂಟಿಕೊಂಡು ಕುಂತಿರ್ತಾವ. ನೀ ತಾಸಿಗೊಮ್ಮೆ ಚದುರಿಸಿದಿ. ನಮಗ ಗಾಳಿ ಬೇಕು, ಅವಕ್ಕ ಗಾಳೀನ ವಿಷ. ಮುಚ್ಚಳ ತೆಗೆದು ಅದನ್ನೂ ಕುಡಿಸಿದಿ!"

"ಹಂಗಾದ್ರ... ತಿರುಗಸೂದ ಬ್ಯಾಡೇನ್ರಿ?"

"ಬೇಕು. ಇಲ್ಲಂದ್ರ ಮ್ಯಾಲೆ ಗಟ್ಟಿ ಕೆನಿ ಕಟ್ಟತೈತಿ. ಮುಂಜಾನೆ ಒಮ್ಮೆ, ಸಂಜಿಗೊಮ್ಮೆ, ಮೆಲ್ಲಕ. ಈಗ ಎರಡು ದಿನ ಏನೂ ಹಾಕಬ್ಯಾಡ, ಮುಟ್ಟಲೂಬ್ಯಾಡ."

ಸುಲೋಚನಾ ನೇರ ವಾರ್ಡನ್ ಹತ್ತಿರ ಹೋದಳು. "ತಪ್ಪು ನಂದ್ರಿ ಮೇಡಂ..."

ವಾರ್ಡನ್ ಹುಬ್ಬೇರಿಸಿದರು. "ಇಮಾಂಬಿ ನಿನ್ನೇನ ಬಂದು ತನ್ನದ ತಪ್ಪು ಅಂದ್ಲಲ್ಲ! ಹುಳಿ ಸಾರು ಸುರುವಿದೆ ಅಂದ್ಲು."

ಸುಲೋಚನಾ ಅಡುಗೆಮನೆಗೆ ಓಡಿದಳು. "ಸುಳ್ಳು ಯಾಕ ಹೇಳಿದಿ ಅಕ್ಕಾ?"

ಅಕ್ಕ ಅವಳ ಅಂಗೈ ಬಿಡಿಸಿ ನೋಡಿದಳು...

"ಮೇಡಂ ನಿನಗ ಬೈದಿದ್ರ ನೀ ಇಪ್ಪತ್ನಾಕು ಸಲ ತಿರುಗಸ್ತಿದ್ದಿ. ಇನ್ನೊಂದು ಗುಳ್ಳಿಗೆ ಈ ಕೈಯಾಗ ಜಾಗ ಎಲ್ಲೈತವ್ವ?"

ಸುಲೋಚನಾ ಅವಳ ಸೆರಗಿಗೆ ಮುಖ ಒತ್ತಿ ಅತ್ತುಬಿಟ್ಟಳು.

ಗುರುವಾರ, ಶುಕ್ರವಾರ... ಸುಮ್ಮನಿರುವಷ್ಟು ಕಷ್ಟದ ಕೆಲಸವನ್ನು ಅವಳು ಹಿಂದೆಂದೂ ಮಾಡಿರಲಿಲ್ಲ. ಟ್ಯಾಂಕಿನ ಕಡೆ ಹೆಜ್ಜೆ ಇಟ್ಟಾಗಲೆಲ್ಲ ಅಕ್ಕ ಒಂದು ಬುಟ್ಟಿ ಬೆಳ್ಳುಳ್ಳಿ ಸುಲಿಯಲು ಕೊಡುತ್ತಿದ್ದಳು.

ಶನಿವಾರ ಬೆಳಿಗ್ಗೆ ಇಮಾಂಬಿ ಅಕ್ಕ ಕಡ್ಡಿ ಗೀರಿದಳು... ನೀಲಿ ಉರಿ ಭುಗ್ಗನೆ ಎದ್ದು ಪಾತ್ರೆಯ ತಳ ಮುಟ್ಟಿತು.

ಕೈ ಹಚ್ಚಿ ದುಡಿಯುವುದಷ್ಟೇ ಕಾಳಜಿಯಲ್ಲ... ನಂಬಿ ಕೈ ಹಿಂದೆ ತೆಗೆಯುವುದೂ ಕಾಳಜಿಯೇ.

ಇವತ್ತು ನೀವು ಯಾರನ್ನು ಸ್ವಲ್ಪ ಹೊತ್ತು ಅವರ ಪಾಡಿಗೆ ಬಿಡಬೇಕಾಗಿದೆ...?